ರತ್ನಕ್ಕ ಮತ್ತು ಕರೆಂಟ್ ಗಿರಿಜಾ

ರತ್ನಕ್ಕನಿಗೆ ದುಂಡಗಿನ ಚಂದ್ರನನ್ನು ಬರೆಯಲು ಬರುತ್ತಿರಲಿಲ್ಲ. ಅವಳು ಬರೆದ ಚಂದ್ರನಿಗೆ ಸುತ್ತಲೂ ಮೆಟ್ಟಿಲುಗಳಿರುತ್ತಿದ್ದವು. ನವಿಲು, ಮಾವಿನಕಾಯಿ, ಕೊನೆಗೆ ಹಬ್ಬಕ್ಕೆ ನಮ್ಮ ಬಾಗಿಲಿಗೆ ಹಾಕಿದ ರಂಗೋಲಿಯೂ ಚೌಕ ಚೌಕವೇ. ಅದು ಅವಳ ತಪ್ಪಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಲ್ಲದ ಮನೆಯೇ ಇರಲಿಲ್ಲ. ಆ ಮಗ್ಗಗಳಿಗೆ ಸೀರೆಯ ಡಿಸೈನ್ ಬರೆದುಕೊಡುವುದು ಅವಳ ಕಸುಬು. ಗ್ರಾಫ್ ಹಾಳೆಯ ಸಣ್ಣ ಚೌಕಗಳಿಗೆ ಕೆಂಪು ಬಣ್ಣ ತುಂಬಿ ತುಂಬಿ ಅವಳ ಕೈಗೆ ಬೇರೆ ಆಕಾರವೇ ಮರೆತುಹೋಗಿತ್ತು.

ನಮ್ಮ ಪಕ್ಕದ ಮನೆಯಲ್ಲಿ ರತ್ನಕ್ಕ ಒಬ್ಬಳೇ ಇದ್ದಳು, ಮದುವೆಯಾಗಿರಲಿಲ್ಲ. ಈ ವಿಷಯದಲ್ಲಿ ಬೀದಿಯ ಹೆಂಗಸರಿಗೆ ಹಲವು ಅಭಿಪ್ರಾಯಗಳಿದ್ದವು. ಆ ಹೆಂಗಸರ ಗಂಡಂದಿರ ಬಗ್ಗೆ ರತ್ನಕ್ಕನಿಗೂ ಇದ್ದವು. ಕರೆಂಟ್ ಹೋಗಿ ಮಗ್ಗಗಳು ನಿಂತ ಕೂಡಲೇ ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದಳು. ನಾನಾಗ ಮಿಡ್ಲ್ ಸ್ಕೂಲ್ ಹುಡುಗಿ, ಕಾಮಿಕ್ಸ್ ಹುಚ್ಚು. ಕಾಫಿ ಆರುವವರೆಗೆ ಅವಳು ನನ್ನ ಪುಸ್ತಕಗಳನ್ನು ತಿರುವಿ ಹಾಕುತ್ತಿದ್ದಳು. ಓದುವುದಕ್ಕಲ್ಲ, ತಪ್ಪು ಹುಡುಕುವುದಕ್ಕೆ.

“ಲೇ ಸುಮಾ, ಈ ಹುಡುಗಿ ಹಾರ್ತಾಳೆ, ಗೋಡೆ ಒಡೀತಾಳೆ, ಎಲ್ಲಾ ಸರಿ. ಪುಸ್ತಕದ ಮೇಲೆ ಮಾತ್ರ ಅವನ ಹೆಸ್ರೇ ಯಾಕೆ?”

“ಅವನು ಹೀರೋ ಕಣಕ್ಕ.”

“ಇವಳದ್ದೇ ಅಂತ ಒಂದು ಪುಸ್ತಕ ಇಲ್ವಾ?”

ಇಲ್ಲ ಎಂದೆ. ಅದುವರೆಗೆ ಅದು ನನಗೆ ಹೊಳೆದೇ ಇರಲಿಲ್ಲ. ಅವಳು ಲೋಟ ಕೆಳಗಿಟ್ಟು ತೀರ್ಪು ಕೊಟ್ಟಳು. “ಸೀರೆ ಒಡಲಿಗೆ ಅವನನ್ನ ಹಾಕಿ, ಇವಳನ್ನ ಅಂಚಿಗೆ ಹಾಕವ್ರೆ. ಎಷ್ಟ್ ಜರಿ ಸುರಿದ್ರೂ ಅಂಚು ಅಂಚೇ ಕಣೇ.”

ಆ ಭಾನುವಾರ ನನ್ನನ್ನು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗೆ ಎಳೆದುಕೊಂಡು ಹೋದಳು. ಹುಡುಗಿಯೇ ಹೀರೋ ಆಗಿರುವ ಕಾಮಿಕ್ಸ್ ಕೊಡಿ ಎಂದರೆ ಅಂಗಡಿಯವನು ತಲೆ ಕೆರೆದುಕೊಂಡ. “ಅಂಥದ್ದು ಬರಲ್ಲಕ್ಕ. ಹೆಣ್ಮಕ್ಳು ಗುಂಪಲ್ಲಿ ಬರ್ತಾರೆ.”

“ಗುಂಪಲ್ಲಿ ಬರೋಕೆ ಅವಳೇನು ಧರ್ಮಸ್ಥಳಕ್ಕೆ ಹೊರಟವಳಾ?”

ಪಾಪ, ಅವನು ಸಮಾಧಾನಕ್ಕೆಂದು ಒಂದು ಮೆಹೆಂದಿ ಪುಸ್ತಕ ತೋರಿಸಿದ. ಹೆಣ್ಣುಮಕ್ಕಳಿಗೆ ಇದೇ ಹೆಚ್ಚು ಹೋಗುತ್ತದಂತೆ. ರತ್ನಕ್ಕ ಮನೆ ಮುಟ್ಟುವವರೆಗೂ ಅವನನ್ನು ಬೈದಳು. ಪುಸ್ತಕ ಮಾತ್ರ ಕೊಂಡಿದ್ದಳು. ಆ ವರ್ಷದ ಸೀರೆಗಳ ಮೇಲೆಲ್ಲ ಅದರದ್ದೇ ಬಳ್ಳಿ ಹಬ್ಬಿತು.

“ಅಂಥ ಕಾಮಿಕ್ಸ್ ಅವರು ಬರೀದಿದ್ರೆ ಏನಂತೆ, ನಾವೇ ಬರಿಯೋಣ” ಎಂದಳು. ಕಥೆ ನನ್ನದು, ಚಿತ್ರ ಅವಳದ್ದು. ನಾಯಕಿ ಲೈಟುಕಂಬ ಮುಟ್ಟಿದರೆ ಕರೆಂಟ್ ಬರಬೇಕು ಎನ್ನುವುದು ಅವಳ ಷರತ್ತು. ನಮ್ಮೂರಿಗೆ ಅದಕ್ಕಿಂತ ದೊಡ್ಡ ಶಕ್ತಿ ಬೇಕಿರಲಿಲ್ಲ. ಹಾಗಾಗಿ ಹೆಸರು ಕರೆಂಟ್ ಗಿರಿಜಾ. ಬೆನ್ನ ಮೇಲೆ ಹಾರಾಡುವ ಬಟ್ಟೆ ಬೇಕೆಂದು ನಾನು ಹಠ ಹಿಡಿದೆ.

“ಮಗ್ಗದ ಬೆಲ್ಟಿಗೆ ಸಿಕ್ಕಾಕ್ಕೊಂಡ್ರೆ ಯಾರ್ ಬಿಡಿಸ್ತಾರೆ? ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಳ್ಳಲಿ.”

ಕೆಲವು ದಿನಗಳಾದ ಮೇಲೆ ಮೊದಲ ಹಾಳೆ ತಂದಳು. ನೋಡಿದರೆ ಇಬ್ಬರು ಗಿರಿಜೆಯರು! ಎಡಕ್ಕೊಬ್ಬಳು, ಬಲಕ್ಕೊಬ್ಬಳು, ನಡುವೆ ಲೈಟುಕಂಬ. ಮದುವೆ ಸೀರೆಯ ಜೋಡಿ ನವಿಲಿನಂತೆ ಮುಖಾಮುಖಿ. ನಾನು ನಕ್ಕು ನಕ್ಕು ಸುಸ್ತಾದೆ. ಅವಳು ನಗಲಿಲ್ಲ.

“ಮದುವೆ ಸೀರೇಲಿ ಒಂಟಿ ಹಕ್ಕಿ ಇದ್ರೆ ಅಪಶಕುನ ಅಂತ ಯಾರೂ ಮುಟ್ಟಲ್ಲ ಕಣೇ. ಇಷ್ಟ್ ವರ್ಷ ಜೋಡೀನೇ ಬರ್ದಿದ್ದೀನಿ. ಈ ಕಡೆ ಒಂದು ಬರೆದ್ರೆ ಕೈ ತಾನಾಗೇ ಆ ಕಡೆ ಹೋಗ್ತದೆ.”

ಅಂಗಡಿಯವನಿಗೆ ಅಷ್ಟು ಬೈದವಳಿಗೇ ಹುಡುಗಿಯನ್ನು ಒಬ್ಬಳೇ ನಿಲ್ಲಿಸಲು ಬರುತ್ತಿಲ್ಲ! ಅದನ್ನೇ ಹೇಳಿ ಹೇಳಿ ನಾನು ಗೋಳುಹೊಯ್ದುಕೊಂಡೆ. ಅವಳು ಹಾಳೆಗಳನ್ನು ಬರೆದಳು, ಹರಿದಳು. ಕೊನೆಗೊಂದು ಸಂಜೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಮ್ಮನಿಗೆ ಹೇಳಿದಳೋ ನನಗೆ ಹೇಳಿದಳೋ, “ನಾನೂ ಒಂಟಿಯಾಗೇ ಇದ್ದೀನಿ. ಯಾರ ಮನೆಗೆ ಯಾವ ಅಪಶಕುನ ಆಗೋಗಿದೆ?” ಎಂದಳು. ಅಮ್ಮ ಅವಳಿಗೆ ದೋಸೆ ಹಾಕಿಕೊಟ್ಟಳು.

ಮರುದಿನದ ಹಾಳೆಯಲ್ಲಿ ಗಿರಿಜಾ ನಡುಮಧ್ಯೆ ಒಬ್ಬಳೇ ನಿಂತಿದ್ದಳು. ಮುಖ ಸೀಮೆಎಣ್ಣೆ ಡಬ್ಬದ ಹಾಗಿತ್ತು. ಅಂಥ ಚೆಲುವೆ ಇನ್ನೊಬ್ಬಳಿಲ್ಲ ಎಂದು ನನಗನ್ನಿಸಿತು.

ಮುಂದೆ ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳಾದೆ. ಗಿರಿಜಾಳ ಕಥೆಯನ್ನು ಹೊಸದಾಗಿ ಬರೆದು ಒಬ್ಬ ಪ್ರಕಾಶಕರಿಗೆ ತೋರಿಸಿದೆ. ಅವರು ಮೆಚ್ಚಿದರು. “ಆದ್ರೆ ಹುಡುಗಿ ಒಬ್ಬಳೇ ಇದ್ರೆ ಹುಡುಗರು ಕೊಳ್ಳಲ್ಲಮ್ಮ. ಜೊತೆಗೊಬ್ಬ ಅಣ್ಣನನ್ನ ಹಾಕಿ, ಪುಸ್ತಕದ ಮೇಲೆ ಇಬ್ಬರ ಹೆಸರೂ ಇರಲಿ” ಎಂದರು. ಒಪ್ಪದಿದ್ದರೆ ಪುಸ್ತಕವೇ ಇಲ್ಲ. ಅಳುಮುಖ ಹೊತ್ತು ರತ್ನಕ್ಕನ ಹತ್ತಿರ ಹೋದೆ. ಅಷ್ಟರಲ್ಲಿ ಡಿಸೈನ್ ಕೆಲಸವೆಲ್ಲ ಕಂಪ್ಯೂಟರಿಗೆ ಹೋಗಿ, ಅವಳು ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಬೈಯುತ್ತಾಳೆಂದುಕೊಂಡಿದ್ದೆ.

“ಅಣ್ಣ ಬಂದ್ರೆ ಬರ್ಲಿ ಬಿಡು. ಗಾಡಿ ನೋಡ್ಕೊಂಡು ಆಚೆ ನಿಂತಿರ್ಲಿ. ಹೆಸ್ರು ಮಾತ್ರ ಅವಳದ್ದೇ. ಅದನ್ನ ಬಿಟ್ಟುಕೊಡಬೇಡ.”

ಹೀಗಾಗಿ ಪುಸ್ತಕದುದ್ದಕ್ಕೂ ಅಣ್ಣ ಸ್ಕೂಟರ್ ಕಾಯುತ್ತಾನೆ. ಹೆಸರಿಗಾಗಿ ನಾನು ತಿಂಗಳುಗಟ್ಟಲೆ ಜಗಳವಾಡಿದೆ. ಪ್ರಕಾಶಕರು ಬೇಸತ್ತು ಒಪ್ಪಿದರು.

ಅಚ್ಚಾದ ಮೊದಲ ಪ್ರತಿ ಅವಳಿಗೆ ಕೊಟ್ಟೆ. ಕನ್ನಡಕ ಏರಿಸಿ, ಕಡೆಯ ಪುಟದವರೆಗೂ ಓದಿದಳು. “ಚೆನ್ನಾಗವ್ಳೆ. ಎರಡನೇದು ಯಾವಾಗ?”

“ಇದು ಹೋದ್ರೆ ನೋಡೋಣ ಅಂದಿದ್ದಾರಕ್ಕ.”

“ಒಂದ್ಸಲ ಬಂದು ಹೋದ್ರೆ ಅದು ನೆಂಟಸ್ತನ. ಮನೆಯವಳು ಅಂದ್ಮೇಲೆ ಬರ್ತಾನೇ ಇರ್ಬೇಕು.”

ಅಂದಿನಿಂದ ಕುಚ್ಚು ಕಟ್ಟಿಸಲು ಬಂದವರಿಗೆ, ಮನೆಯ ಮಕ್ಕಳಿಗೊಂದು ಪುಸ್ತಕ ಕೊಳ್ಳದೆ ಸೀರೆ ವಾಪಸ್ ಸಿಗುತ್ತಿರಲಿಲ್ಲ. ಬೀದಿಯ ಹೆಂಗಸರು ನನ್ನ ಹತ್ತಿರವೇ ದೂರು ತಂದರು. ನಾನು ಗಂಭೀರವಾಗಿ, ವಿಚಾರಿಸುತ್ತೇನೆ ಎಂದೆ.

ರತ್ನಕ್ಕ ತೀರಿಕೊಂಡು ವರ್ಷವಾಗುತ್ತ ಬಂತು. ಜ್ವರವೆಂದು ಮಲಗಿದವಳು ಏಳಲಿಲ್ಲ. ಮೊನ್ನೆ ಪ್ರಕಾಶಕರು ತಾವಾಗಿಯೇ ಫೋನ್ ಮಾಡಿ ಎರಡನೆಯ ಪುಸ್ತಕ ಕೇಳಿದರು. ಅಣ್ಣನ ಮಾತೆತ್ತಲಿಲ್ಲ. ಇನ್ನು ಗಿರಿಜಾ ನಿಜವಾಗಿಯೂ ಒಬ್ಬಳೇ. ಸಂತೋಷದಿಂದಲೇ ಬರೆಯಲು ಕೂತೆ. ಮೊದಲ ಪುಟ ಮುಗಿಸಿ, ರತ್ನಕ್ಕನಿಗೆ ತೋರಿಸಬೇಕೆಂದು ಎದ್ದು ಬಾಗಿಲವರೆಗೆ ಹೋಗಿ ನಿಂತೆ. ಗಿರಿಜಾಳನ್ನು ಒಂಟಿಯಾಗಿ ನಿಲ್ಲಿಸಲು ನಾವಿಬ್ಬರೂ ಬೇಕಾಗಿತ್ತು. ಈಗ ನಾನೂ ಒಬ್ಬಳೇ ಬರೆಯಬೇಕು; ನನಗೆ ಅದು ಸ್ವಲ್ಪವೂ ಇಷ್ಟವಾಗುತ್ತಿಲ್ಲ.