ಪೂಜೆಗೊಂಡ ಫ್ಲಾಪಿ

ನಮ್ಮ ಮನೆಯ ಎರಡನೇ ಕೀಲಿಕೈ ಮನೆಯ ಒಳಗೇ ಗೂಟಕ್ಕೆ ತೂಗಾಡುತ್ತಿರುತ್ತದೆ. ಮೊದಲನೆಯದನ್ನು ಎಲ್ಲೋ ಕಳೆದುಕೊಂಡು ಬಾಗಿಲ ಮುಂದೆ ನಿಂತಾಗ ಮಾತ್ರ ಈ ಏರ್ಪಾಡಿನ ಸೊಗಸು ಗೊತ್ತಾಗುವುದು. ಆದರೂ ಎರಡನೆಯದೊಂದು ಇದೆ ಎನ್ನುವ ನೆಮ್ಮದಿಗೆ ಕುಂದಿಲ್ಲ. ನಕಲಿನ ವಿಷಯದಲ್ಲಿ ನಾವೆಲ್ಲ ಹೀಗೇ. ತೆಗೆದಿಡುತ್ತೇವೆ, ತೆಗೆದಿಟ್ಟಿದ್ದೇವೆಂದು ಎದೆಯುಬ್ಬಿಸುತ್ತೇವೆ, ತೆರೆದು ನೋಡುವುದಿಲ್ಲ.

ಹಿಂದೆ ಓಲೆಗರಿ ನಕಲು ಮಾಡುತ್ತಿದ್ದವರು ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಿ ಎಂದು ಬರೆದು ಕೈಮುಗಿಯುತ್ತಿದ್ದರು. ತನ್ನನ್ನು ನಂಬಬೇಡಿ ಎಂದು ತಾನೇ ಹೇಳುವ ನಕಲು! ಫ್ಲಾಪಿಗೆ ಅಂಥ ವಿನಯವಿರಲಿಲ್ಲ. ಎಂಬತ್ತರ ದಶಕದ ಕೊನೆಗೆ ಬೆಳಗಾವಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಗ್ಯಾಸ್ ಏಜೆನ್ಸಿಗೆ ಕಂಪ್ಯೂಟರು ಬಂದಾಗ ನಕಲು ಇಳಿಸಿಡಲೆಂದು ಅದರ ಜೊತೆ ಬಂದ ಆ ಕರಿಯ ಚೌಕ ತಟ್ಟೆ, ಹಪ್ಪಳದಷ್ಟು ತೆಳ್ಳಗೆ, ಹಪ್ಪಳದಷ್ಟೇ ನಾಜೂಕು, ಎಲ್ಲ ಬಲ್ಲವರ ಗತ್ತಿನಲ್ಲಿ ಕೂತಿರುತ್ತಿತ್ತು.

ಆಗ ಗ್ಯಾಸ್ ಬೇಕೆಂದರೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕು. ಶಹಾಪುರದ ನೇಕಾರರಿಂದ ಖಾನಾಪುರದ ವಕೀಲರವರೆಗೆ ಎಲ್ಲರೂ ಒಂದೇ ಪಾಳಿಯಲ್ಲಿದ್ದರು. ಆ ಪಾಳಿಯನ್ನು ನಾನು ಕಂಪ್ಯೂಟರಿನ ಒಂದು ಟೇಬಲ್ಲಿಗೆ ಏರಿಸಿದ್ದೆ. ಟೇಬಲ್ ಅಂದರೆ ಮೇಜಲ್ಲ. ಹೆಸರು, ಊರು, ತಾರೀಖು ಎಂದು ಅಡ್ಡಡ್ಡ ಮನೆ ಕೊರೆದ ಪಟ್ಟಿ. ಅದರ ಒಂದು ನಕಲು ಫ್ಲಾಪಿಯಲ್ಲಿತ್ತು. ಹೊಸ ಚೀಟಿ ಅಚ್ಚು ಮಾಡಿ ಕೊಡುತ್ತೇವೆಂದು ಮ್ಯಾನೇಜರ್ ಕುಲಕರ್ಣಿ ಸಾಹೇಬರು ಜನರ ಬಳಿಯಿದ್ದ ಪಾಳಿಯ ಹಳೇ ಚೀಟಿಗಳನ್ನೆಲ್ಲ ವಾಪಸು ಇಸಿದುಕೊಂಡರು. ಪ್ರಿಂಟರಿನ ರಿಬ್ಬನ್ ಪುಣೆಯಿಂದ ಬರಬೇಕಿತ್ತು. ಅದು ಬರುವ ಮೊದಲೇ ಹಳೇ ಚೀಟಿಗಳೂ ಹೆಸರು ಹಚ್ಚುತ್ತಿದ್ದ ಹಳೇ ಪುಸ್ತಕವೂ ರದ್ದಿಗೆ ಹೋದವು. ಅವುಗಳಲ್ಲಿ ಭಡಂಗ, ಅಂದರೆ ಖಾರದ ಚುರುಮುರಿ, ಕಟ್ಟಿಸಿಕೊಂಡು ನಾನೇ ತಿಂದಿರಬಹುದು.

"ಇನ್ನೊಂದು ಫ್ಲಾಪಿ ತರಸ್ರಿ ಸಾಹೇಬ್ರ, ಎರಡು ನಕಲು ಇರಲಿ" ಎಂದೆ.

"ಯಾಕ್ರಿ ಎರಡು? ಒಂದ ಸಾಕು. ಒಬ್ಬನ ಮಗನಂಗ ಜ್ವಾಕಿ ಮಾಡೂಣು."

ಖಂಡೇನವಮಿ ಬಂತು. ನಮ್ಮ ಕಡೆ ಅಂದು ಆಯುಧಗಳಿಗೆಲ್ಲ ಪೂಜೆ. ತಕ್ಕಡಿ, ಸ್ಪ್ಯಾನರು, ಸಿಲಿಂಡರ್ ಸಾಗಿಸುವ ಟೆಂಪೊ, ಕಂಪ್ಯೂಟರು ಎಲ್ಲಕ್ಕೂ ಚೆಂಡುಹೂವು. ಒಬ್ಬನೇ ಮಗನನ್ನು ಬಿಡುವುದುಂಟೆ? ಸಾಹೇಬರು ಫ್ಲಾಪಿಯನ್ನು ಅದರ ಚೀಲದಿಂದ ಹೊರಗೆಳೆದು ಮಣೆಯ ಮೇಲಿಟ್ಟು, ಒಳಗಿನ ಕಂದು ತಟ್ಟೆ ಇಣುಕುವ ಕಿಂಡಿಯಲ್ಲೇ, ಹಣೆ ಅಂದರೆ ಅದೇ ಎಂಬಂತೆ, ಅರಿಶಿನ ಕುಂಕುಮ ಹಚ್ಚಿದರು. ನಾನು ತೆಂಗಿನಕಾಯಿ ತರಲು ಹೋಗಿದ್ದೆ. ಬಂದು ನೋಡುವಷ್ಟರಲ್ಲಿ ನೀರೂ ಚಿಮುಕಿಸಿ ಆಗಿತ್ತು.

"ಮುಹೂರ್ತಕ್ಕ ಒಂದ ಹೆಸರು ಏರಸ್ರಿ" ಎಂದರು. ಏರಿಸುತ್ತಿದ್ದಂತೆ ಕರೆಂಟು ಹೋಯಿತು. ಬಂದ ಮೇಲೆ ತೆರೆದರೆ ಟೇಬಲ್ ಕೆಟ್ಟಿತ್ತು. ಹೆಸರಿರಬೇಕಾದಲ್ಲಿ ಊರು, ಊರಿರಬೇಕಾದಲ್ಲಿ ಚುಕ್ಕೆ, ಅರ್ಧಕ್ಕಿಂತ ಹೆಚ್ಚು ಜನ ಮಾಯ. ಫ್ಲಾಪಿ ಹಾಕಿದರೆ ಯಂತ್ರ ಕಡಲೆ ಅಗಿದಂತೆ ಕರಕರ ಅಂದು ಸುಮ್ಮನಾಯಿತು. ಯಾರು ಮೊದಲು, ಯಾರು ಆಮೇಲೆ ಎನ್ನುವುದು ಈಗ ಎಲ್ಲಿಯೂ ಬರೆದಿರಲಿಲ್ಲ. ದೀಪಾವಳಿಗೆ ಮುಂಚೆ ಹೊಸ ಗ್ಯಾಸ್ ಜೋಡಣೆಗಳು, ಅಂದರೆ ಕನೆಕ್ಷನ್ನುಗಳು, ಬರುವುದಿತ್ತು.

ಮರುದಿನ ದಸರೆ. ಬಂಗಾರವೆಂದು ಬನ್ನಿ ಎಲೆ ಕೊಡಲು ಯಾರು ಯಾರ ಮನೆಗೂ ಹೋಗಬಹುದಾದ ದಿನ. ವರ್ಷವಿಡೀ ಮಾತು ಬಿಟ್ಟವರೂ "ಬಂಗಾರ ತೊಗೊಂಡು ಬಂಗಾರದಂಗ ಇರೂಣು" ಎಂದು ಕಾಲಿಗೆ ಬೀಳುವ ದಿನ. ನಾನು ಜೋಳಿಗೆ ತುಂಬ ಬನ್ನಿ ಎಲೆ ತುಂಬಿಕೊಂಡು ಸೈಕಲ್ ಏರಿದೆ. ಪಾಳಿಯನ್ನು ಜನರ ನೆನಪಿನಿಂದಲೇ ಹೆಕ್ಕಿ ತರುತ್ತೇನೆಂದು ಹಟ ಹಿಡಿದಿದ್ದೆ. ನೆನಪನ್ನು ಕಂಡರೆ ನನಗಾಗದು, ಅದು ಬೇರೆ ಮಾತು. ಶಹಾಪುರ, ಹಿಂಡಲಗಾ, ಮಾರನೆಯ ದಿನ ರೈಲು ಹತ್ತಿ ಖಾನಾಪುರ. ಬನ್ನಿ ಕೊಟ್ಟು, ಚುರುಮುರಿ ತಿಂದು, ಒಂದೇ ಪ್ರಶ್ನೆ: ನಿಮ್ಮ ಮುಂದೆ ಯಾರಿದ್ದರು?

ಆಶ್ಚರ್ಯವೆಂದರೆ ಬಹಳ ಜನಕ್ಕೆ ಗೊತ್ತಿತ್ತು! ನಮ್ಮ ಮುಂದೆ ನಿಂತವನನ್ನು ನಾವು ಮರೆಯುವುದಿಲ್ಲ. ಅವನಿಂದಲೇ ತಾನೇ ನಮಗೆ ತಡ. ಹಿಂದೆ ಯಾರಿದ್ದರೆಂದು ಕೇಳಿದರೆ ಎಲ್ಲರೂ ತಲೆ ಕೆರೆದುಕೊಂಡರು. ಲೆಕ್ಕ ತಪ್ಪಿದ್ದು ಎರಡೇ ಕಡೆ. ಮೊದಲನೆಯದು ಶಹಾಪುರದ ಇಬ್ಬರು ನೆರೆಯವರಲ್ಲಿ. "ಇವರದ ಮೊದಲ", "ಛೇ, ಅವರದ ಮೊದಲ ಬರಕೋರಿ" ಎಂದು ಮುಲಾಜಿಗೆ ಬಿದ್ದು ನನ್ನ ಪಟ್ಟಿಯಲ್ಲಿ ಒಂದು ಗಂಟು ಬೀಳಿಸಿದರು.

ಖಾನಾಪುರದ ಗಂಟು ಬೇರೆ ಥರದ್ದು. ಅಲ್ಲಿಯವರ ಹೆಸರನ್ನು ನಮ್ಮ ಏಜೆನ್ಸಿಯವರು ಎರಡು ದಿನ ಅಲ್ಲಿಗೇ ಹೋಗಿ ಬರೆದುಕೊಂಡಿದ್ದರು. ಅಲ್ಲಿಯ ಪೋಸ್ಟ್‌ಮಾಸ್ತರರ ಹಿಂದೆ ನಾನೇ ಎಂದು ಇಬ್ಬರು ಹೇಳಿದರು. ಒಬ್ಬರು ವಕೀಲ ಪಾಟೀಲರು, ಇನ್ನೊಬ್ಬರು ಉರ್ದು ಶಾಲೆಯಲ್ಲಿ ಕಲಿಸುವ ಜೈಬುನ್ನಿಸಾ ಬಾಯಿ. ಪೋಸ್ಟ್‌ಮಾಸ್ತರರಿಗೆ ಕೊಟ್ಟ ಮೇಲೆ ಈ ಸಲ ಖಾನಾಪುರದ ಪಾಲಿಗೆ ಉಳಿಯುವುದು ಒಂದೇ ಜೋಡಣೆ.

ಬಾಯಿಯ ಮನೆಯಲ್ಲಿ ಹಸಿ ಕಟ್ಟಿಗೆಯ ಹೊಗೆ ಮಾಡಿನವರೆಗೂ ತುಂಬಿತ್ತು. ಒಳಗಿನಿಂದ ಅವರ ತಾಯಿಯ ಉಸಿರು ಎಳೆಯುವ ಸದ್ದು ಕೇಳುತ್ತಿತ್ತು. ದಮ್ಮು. ಹೊಗೆಯಿಂದ ದೂರ ಇಡಿ ಎಂದು ಡಾಕ್ಟರು ಹೇಳಿದ್ದರಂತೆ.

"ದೂರ ಎಲ್ಲಿ ಇಡ್ಲಿ ಹೇಳ್ರಿ? ಇರೂದ ಒಂದ ಖೋಲಿ" ಎಂದರು ಬಾಯಿ. "ನನ್ನ ಕಣ್ಣೀಲೆ ನೋಡೇನ್ರಿ. ಪೋಸ್ಟ್‌ಮಾಸ್ತರ ಬೆನ್ನಿಗೆ ಹತ್ತಿ ನಾನ ನಿಂತಿದ್ದೆ. ಅವರ ಅಂಗಿ ಹೆಗಲ ಮ್ಯಾಲ ಹರದಿತ್ತು, ಅದೂ ನೆನಪೈತಿ."

ವಕೀಲರು ಅಂಗಿಯ ವಿಷಯ ಎತ್ತಲಿಲ್ಲ. "ನಮ್ಮ ಮುನ್ಶಿ ಹೆಸರು ಹಚ್ಚಿ ಬಂದಾನ. ಅವಾ ತಪ್ಪಂಗಿಲ್ಲ" ಎಂದರು.

ಹರಿದ ಅಂಗಿಯವರೆಗೆ ನೆನಪಿದ್ದರೆ ಅದು ನಿಜವಿರಲೇಬೇಕು ಎಂದು ನಿಮಗೆ ಅನಿಸುತ್ತಿರಬೇಕು. ನನಗೂ ಅನಿಸಿತು. ಅನಿಸಿದ್ದರಿಂದಲೇ ಅನುಮಾನವೂ ಬಂತು. ಈ ಕಥೆಯನ್ನೇ ನಾನು ಹಲವರಿಗೆ ಹೇಳಿದ್ದೇನೆ. ಒಂದು ಸಲ ಹೇಳುವಾಗ ಖಾನಾಪುರದಲ್ಲಿ ಮಳೆ ಸುರಿಯುತ್ತಿರುತ್ತದೆ, ಇನ್ನೊಂದು ಸಲ ಬಿಸಿಲು ಕಾಯುತ್ತಿರುತ್ತದೆ. ಪ್ರತಿ ಸಲ ನೆನೆದಾಗಲೂ ಹಳೆಯದರ ಮೇಲೆ ಹೊಸದನ್ನು ಬರೆದು, ಮೂಲವನ್ನು ನಾನೇ ಅಳಿಸಿದ್ದೇನೆ. ಅಚ್ಚುಕಟ್ಟಾದ ನೆನಪೆಂದರೆ ಯಾರೋ ರಿಪೇರಿ ಮಾಡಿದ ನೆನಪು ಎಂದೇ ಲೆಕ್ಕ.

"ವಕೀಲರನ್ನ ಮೊದಲ ಹಾಕಿಬಿಡ್ರಿ, ತಲಿಬ್ಯಾನಿ ಹೋಗ್ಲಿ" ಎಂದರು ಕುಲಕರ್ಣಿ ಸಾಹೇಬರು.

"ಹಂಗ ಆಗಂಗಿಲ್ರಿ" ಎಂದೆ. ನಾನು ಸಾಹೇಬರ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಎದ್ದವನೇ ಕೆಟ್ಟ ಫ್ಲಾಪಿಯನ್ನು ಮನೆಗೆ ಒಯ್ದೆ.

ಒಳಗಿರುವುದು ಹಾಡಿನ ಕ್ಯಾಸೆಟ್ಟಿನ ಟೇಪಿನಂಥದೇ ವಸ್ತು ತಾನೇ? ನೀರಿಗೆ ಕರಗುವುದಿಲ್ಲ. ಬೆಳಗಾದ ಕೂಡಲೇ ಬ್ಲೇಡಿನಿಂದ ಕರಿಯ ಕವಚದ ಅಂಚು ಸೀಳಿ, ಕಂದು ತಟ್ಟೆಯನ್ನು ಹೊರತೆಗೆದು, ಬಚ್ಚಲಲ್ಲಿ ಕೂತು ತಣ್ಣೀರು ಬಿಟ್ಟು ತೊಳೆಯತೊಡಗಿದೆ. ಅರಿಶಿನ ಲಗೂನೆ ಬಿಡಲಿಲ್ಲ. ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

"ನಿಮ್ಮ ಜಳಕಾ ಇನ್ನೂ ಆಗಿಲ್ಲ, ಅದಕ್ಕ ಮೊದಲ ಜಳಕಾ ಏನ್ರಿ?"

"ಇದರಾಗ ಊರ ಮಂದಿ ಹೆಸರ ಅದಾವ."

"ಹಂಗಾದ್ರ ಮೆತ್ತಗ ತಿಕ್ರಿ. ಯಾರದರ ಹೆಸರ ಬಣ್ಣ ಬಿಟ್ಟೀತು."

ಅವಳ ಹಳೇ ಮೆತ್ತನೆಯ ಸೀರೆಯ ತುಂಡಿನಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿದೆ. ನನ್ನ ದುಡ್ಡಿನಲ್ಲೇ ಕೊಂಡು ತಂದ ಹೊಸ ಫ್ಲಾಪಿಗಳಲ್ಲಿ ಒಂದರ ಹೊಟ್ಟೆ ಸೀಳಿ, ಅದರ ಕವಚದೊಳಗೆ ಹಳೆಯ ತಟ್ಟೆಯನ್ನು ಕೂಡಿಸಿದೆ. ಕಚೇರಿಗೆ ಒಯ್ದು ಯಂತ್ರಕ್ಕೆ ಕೊಟ್ಟೆ. ಕರಕರ ಅಂದಿತು. ಮತ್ತೆ ಕೊಟ್ಟೆ. ಓದಿತು! ಎಲ್ಲವನ್ನೂ ಅಲ್ಲ; ಅಲ್ಲಲ್ಲಿ ಎಡವಿ, ಕೆಲವು ಹೆಸರು ನುಂಗಿ. ನುಂಗಿದ್ದನ್ನು ಬನ್ನಿಯ ಪಟ್ಟಿಯಿಂದ ತುಂಬಿದೆ. ಬನ್ನಿಯ ಪಟ್ಟಿ ತಪ್ಪಿದ್ದನ್ನು ಫ್ಲಾಪಿಯಿಂದ ತಿದ್ದಿದೆ. ಒಂದು ನಕಲು ಇನ್ನೊಂದಕ್ಕೆ ಸಾಕ್ಷಿ. ಎರಡನ್ನೂ ಪೂರ್ತಿ ನಂಬುವ ಹಾಗಿಲ್ಲ.

ಖಾನಾಪುರದ ಸಾಲುಗಳು ಮಾತ್ರ ಗಾಜಿನಷ್ಟು ಸ್ವಚ್ಛವಾಗಿ ಬಂದವು. ಪೋಸ್ಟ್‌ಮಾಸ್ತರರು, ಅದೇ ತಾರೀಖಿಗೆ ವಕೀಲರು, ಮರುದಿನದ ತಾರೀಖಿಗೆ ಜೈಬುನ್ನಿಸಾ ಬಾಯಿ.

ಬೇರೆ ಏನಾದರೂ ಬರಲಿ ಎಂದು ಎಷ್ಟು ಆಸೆಪಟ್ಟಿದ್ದೆ ಎನ್ನುವುದು ಆಗಲೇ ನನಗೆ ಗೊತ್ತಾದದ್ದು. ಎರಡು ಸಾಲುಗಳನ್ನು ಅದಲುಬದಲು ಮಾಡುವುದು ಕಣ್ಣು ಮಿಟುಕಿಸುವ ಕೆಲಸ. ಹಿಂದೆ ಯಾರಿದ್ದರೆಂದು ಯಾರಿಗೂ ಗೊತ್ತಿರದ ಊರಿನಲ್ಲಿ ಅದು ಎಂದೂ ಹೊರಗೆ ಬರುತ್ತಿರಲಿಲ್ಲ. ಬೆರಳುಗಳನ್ನು ಕೀಲಿಗಳ ಮೇಲಿನಿಂದ ತೆಗೆದು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

"ನಾ ಹೇಳಿದ್ದ ಆತಲ್ಲಪಾ, ಇಷ್ಟಕ್ಕ ಯಾಕ ತೊಳದು ಬಳದು ಮಾಡಿದಿ?" ಎಂದು ಸಾಹೇಬರು ನಕ್ಕರು. ಉತ್ತರ ಒಂದೇ ಆದರೂ ಊಹಿಸಿದ್ದು ಬೇರೆ, ಹುಡುಕಿದ್ದು ಬೇರೆ ಎಂದು ಅವರಿಗೆ ವಿವರಿಸುವ ತ್ರಾಣ ಇರಲಿಲ್ಲ.

ಬಾಯಿ ರಜೆ ಹಾಕಿ ಬೆಳಗಾವಿಗೆ ಬಂದರು. ನಾನು ತಾರೀಖು ತೋರಿಸಿದೆ. ಬಗ್ಗಿ ಎರಡು ಸಲ ಓದಿದರು.

"ಹೌದ್ರಿ" ಎಂದರು. "ಅವತ್ತು ಸಾಲಿ ಗಂಟಿ ಹೊಡೀತು. ಮಕ್ಕಳನ್ನ ಬಿಟ್ಟು ಬಂದಿದ್ದೆ, ಪಾಳಿ ಬಿಟ್ಟು ಓಡಿದೆ. ಹೆಸರು ಹಚ್ಚಿದ್ದು ಮರುದಿನ. ನಡುವ ಒಂದು ರಾತ್ರಿ ಇತ್ತು, ಅದನ್ನ ನಾ ಮರತ ಬಿಟ್ಟಿದ್ದೆ ನೋಡ್ರಿ."

ಕಂಪ್ಯೂಟರಿನ ಕಡೆ ಕೈ ತೋರಿಸಿದರು. ಕೇಳಿದರು: "ಇದು ಮತ್ತ ಕೆಟ್ಟ್ರ?"

ಉಳಿದಿದ್ದ ಎರಡು ಹೊಸ ಫ್ಲಾಪಿಗಳಿಗೆ ಅವರೆದುರೇ ಟೇಬಲನ್ನು ಇಳಿಸಿದೆ. ಮೊದಲನೆಯದನ್ನು ತೆರೆದು ತೋರಿಸಿದೆ. "ಎರಡನೇದೂ ತಗೀರಿ" ಎಂದರು. ತೆಗೆದೆ. ಎರಡರಲ್ಲೂ ಬೆರಳಿಟ್ಟು ಹೆಸರು ಓದಿಕೊಂಡರು. ಶಾಲೆಯಲ್ಲಿ ಹಾಜರಿ ತೆಗೆಯುವ ದನಿ.

"ಹಂಗಾದ್ರ ನನ್ನ ಮುಂದ ಈಗ ಬರೇ ಅವರೊಬ್ಬರ."

"ಹೌದ್ರಿ, ಪೋಸ್ಟ್‌ಮಾಸ್ತರದು ಮುಟ್ಟೇತಿ. ವಕೀಲರೊಬ್ಬರ."

ಸೆರಗು ಸರಿಪಡಿಸಿಕೊಂಡು ಚೀಲ ಹೆಗಲಿಗೇರಿಸಿದರು. ಬಾಗಿಲಿಗೆ ಹೋಗಿ ತಿರುಗಿ ನಿಂತು, "ಅವರ ಸಿಲಿಂಡರ್ ಇವತ್ತ ಕಳಸ್ರಿ ಮತ್ತ. ನಾಳೆ ಅನಬ್ಯಾಡ್ರಿ. ಅವರದು ಲಗೂ ಆದ್ರ ನಂದು ಲಗೂ" ಎಂದರು.

ಆ ಮಧ್ಯಾಹ್ನವೇ ಟೆಂಪೊ ಹೊರಡಿಸಿದೆ. ಒಬ್ಬ ವಕೀಲರ ಮನೆಗೆ ಒಳ್ಳೆಯದು ಬೇಗ ತಲುಪಲಿ ಎಂದು ಇಡೀ ಖಾನಾಪುರದಲ್ಲಿ ಅಂದು ಮನಸಾರೆ ಬೇಡಿಕೊಂಡವರು ಅವರೊಬ್ಬರೇ ಇರಬೇಕು.