ಶಾಗ್ಯದ ಹುಳದ ಮನೆ

ಹೆಂಗಸರಿಗೆ ಸಣ್ಣ ಸಾಲ ಕೊಡುವ ಧರ್ಮಾರ್ಥ ಸಂಘವೊಂದರಲ್ಲಿ ಈ ವಯಸ್ಸಿಗೆ ಕೆಲಸ ಕಲಿಯುತ್ತಿದ್ದೇನೆ. ಹನೂರಿನಲ್ಲಿ ಬಸ್ಸಿಳಿದು ಶಾಗ್ಯಕ್ಕೆ ನಡೆಯುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತ್ತು. ರೇಷ್ಮೆಹುಳ ಸಾಕಲು ನಮ್ಮಲ್ಲಿ ಅರ್ಧ ಸಾಲ ಪಡೆದಿದ್ದ ಸಿದ್ದಮ್ಮ ಕುಡಿಯಲು ನೀರು ಕೊಟ್ಟಳು. ಉಳಿದರ್ಧ ಕೊಡುವ ಮುಂಚೆ ಹುಳ ನೋಡಿ ಬರೆದುಕೊಂಡು ಹೋಗುವುದು ನನ್ನ ಕೆಲಸ. ನೀರು ಕುಡಿದು ನಾನು ಹೊಗೆಸೊಪ್ಪು ದವಡೆಗಿಟ್ಟುಕೊಂಡು ಎದ್ದರೆ, ಹುಳದ ಮನೆಯ ಬಾಗಿಲಿಗೆ ಮಾತ್ರ ಅಡ್ಡ ನಿಂತಳು.

“ಒಳಕ್ ಬರ್ಬ್ಯಾಡಿ ಕಣವ್ವ. ಒಗೆಸೊಪ್ಪಿನ ವಾಸ್ನೆಗೇ ಉಳ ಸಾಯ್ತವೆ.”

“ಉಗುದು ಬತ್ತೀನಿ.”

“ಕರೆಗಟ್ಟಿರೋ ನಿಮ್ ಅಲ್ಲು ನೋಡುದ್ರೆ ಗೊತ್ತಾಯ್ತದೆ, ಅದು ಉಗುದ್ರೆ ಓಗೋ ವಾಸ್ನೆ ಅಲ್ಲ. ಬೀಡಿ ಬುಡೋಗಂಟ ನನ್ ಗಂಡನ್ನೇ ಒಳಕ್ ಬುಡ್ನಿಲ್ಲ.”

“ಕಣ್ಣಾರೆ ನೋಡ್ದೆ ಬರುದ್ರೆ ಸಂಘದೋರು ಒಪ್ಪಕಿಲ್ಲ. ಉಳಿದ ಸಾಲ ಬರಕಿಲ್ಲ ಕಣಮ್ಮಿ.”

“ಬರ್ದಿದ್ರೆ ಬ್ಯಾಡ. ಉಳ ಸತ್ತೋದ್ಮೇಲೆ ಸಾಲ ತಕಂಡು ಏನ್ ಮಾಡ್ಲಿ?”

ಅದೂ ಸರಿಯೇ. ಜಗಲಿಯಲ್ಲಿ ಕುಳಿತು ಮುಚ್ಚಿದ ಬಾಗಿಲಿಗೆ ತಲೆ ಒರಗಿಸಿದೆ. ಮೊರದಲ್ಲಿ ರಾಗಿ ಆಡಿಸಿದಂಥ ಸದ್ದು ಒಳಗಿನಿಂದ ಬಿಡದೆ ಬರುತ್ತಿತ್ತು.

“ಅದೇನಮ್ಮಿ?”

“ಸೊಪ್ಪು ತಿಂತಾವೆ. ನಾಕು ದಿನ ಕಳುದ್ರೆ ಗೂಡು ಕಟ್ತವೆ.”

ಹುಳ ತಿನ್ನುವ ಸದ್ದು ಇಷ್ಟು ಜೋರಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಸಂಘದ ಪುಸ್ತಕ ತೆಗೆದು, ನನಗೆ ಬರುವ ನಾಲ್ಕು ಅಕ್ಷರದಲ್ಲೇ ಬರೆದೆ: ಹುಳ ಇವೆ, ಸೊಪ್ಪು ತಿನ್ನುತ್ತಿವೆ, ಕಿವಿಯಾರೆ ಕೇಳಿದ್ದೇನೆ, ಉಳಿದ ಸಾಲ ಕೊಡಬಹುದು. ನಂಬದಿದ್ದರೆ ಹೊಗೆಸೊಪ್ಪು ಹಾಕದವರು ಯಾರಾದರೂ ಇಷ್ಟು ದೂರ ನಡೆದು ಬಂದು ನೋಡಲಿ.