ರತ್ನ ಮಾರಿದ ಕ್ಲಾರಿನೆಟ್

ರೀಡಿನ ಮೇಲೆ ಕೆಂಪು ಕಂಡಾಗ ಎಲೆಅಡಿಕೆಯ ರಸ ಅಂದುಕೊಂಡೆ.

ಬಂಗಾರಪೇಟೆಯಲ್ಲಿ ಒಂದು ಮದುವೆ. ಗಂಡನ್ನು ಕಾರಿನಲ್ಲಿ ಕೂರಿಸಿ ಮೆರವಣಿಗೆ ಹೊರಟಿತ್ತು. ಮುಂದೆ ನಮ್ಮ ಬ್ಯಾಂಡ್ ಸೆಟ್ಟು. ಪ್ರತಿ ಮದುವೆಯಲ್ಲೂ ಛತ್ರದ ತಿರುವು ಬಂದಾಗ ನಾನು ಕ್ಲಾರಿನೆಟ್ಟಿನಲ್ಲಿ ಒಂದೇ ಸ್ವರ ಹಿಡಿದು ನಿಲ್ಲುತ್ತಿದ್ದೆ. ಕಾರು ಪೂರ್ತಿ ತಿರುಗುವವರೆಗೂ ಬಿಡುತ್ತಿರಲಿಲ್ಲ. ಜನ ಅದಕ್ಕೇ ಕಾದಿರುತ್ತಿದ್ದರು. ಅದು ನನ್ನ ಹೆಮ್ಮೆ. ಜಂಬ ಅಂದರೂ ಬೇಜಾರಿಲ್ಲ. ಅವತ್ತು ಕಾರು ಇನ್ನೂ ಅರ್ಧ ತಿರುಗಿತ್ತು, ಸ್ವರ ಹರಿದುಹೋಯಿತು. ಕೆಮ್ಮು ಒತ್ತಿಕೊಂಡು ಬಂತು. ಬಾಯಿಂದ ತೆಗೆದು ನೋಡಿದರೆ ತುದಿಯ ಬೆತ್ತದ ಪಟ್ಟಿ, ರೀಡು, ಕೆಂಪಗಿದೆ. ಅಂಗಿಗೆ ಒರೆಸಿಕೊಂಡು ಮತ್ತೆ ಊದಿದೆ. ಸಂಜೆ ರೈಲಿನಲ್ಲಿ ಕೂತು ಮನೆಗೆ ಬರುವಾಗ ಹೊಳೆಯಿತು.

ಅವತ್ತು ನಾನು ಎಲೆ ಹಾಕಿಯೇ ಇರಲಿಲ್ಲ.

ನಮ್ಮೂರು ಬೂದಿಕೋಟೆಯ ಪಕ್ಕದ ಹಳ್ಳಿ. ಅಣ್ಣಂದಿರು ಹೊಲ, ಹಸು ಅಂತ ಅಲ್ಲೇ ಉಳಿದರು. ನಾನು ಮೈಸೂರು ಮೈನ್ಸಿಗೆ ಬಂದು ಚಿನ್ನದ ಗಣಿಯ ಕಲ್ಲು ಪುಡಿ ಮಾಡುವ ಮಿಲ್ಲಿಗೆ ಸೇರಿದೆ. ಕೆಲಸ ಮುಗಿಸಿ ಬಂದರೆ ರೆಪ್ಪೆಯ ಮೇಲೂ ಧೂಳು. ರತ್ನ, ನನ್ನ ಹೆಂಡತಿ, ಬಾಗಿಲಲ್ಲೇ ನಿಲ್ಲಿಸಿ ಟವಲಿನಿಂದ ಕೊಡವಿ ಒಳಗೆ ಬಿಡುತ್ತಿದ್ದಳು. ಮದುವೆ ಕಾಲದಲ್ಲಿ ರಜೆ ಹಾಕಿ ಬ್ಯಾಂಡಿಗೆ ಹೋಗುತ್ತಿದ್ದೆ. ಕ್ಲಾರಿನೆಟ್ ಕಲಿಸಿದವರು ಗಣಿಯವರ ಸಾಲುಮನೆಗಳಲ್ಲಿ, ನಮ್ಮ ಲೈನಿನಲ್ಲೇ ಇದ್ದ ತಮಿಳು ಮೇಷ್ಟ್ರು, ವಾದ್ಯಾರು. ರಿಟೈರಾಗಿ ವೇಲೂರಿನ ಕಡೆಗೆ ಹೊರಟ ದಿನ ತಮ್ಮದನ್ನೇ ನನ್ನ ಕೈಗಿಟ್ಟು, "ತೂಂಗ ವಿಡಾದೇಡಾ" ಅಂದರು. ನಿದ್ದೆ ಮಾಡೋಕೆ ಬಿಡಬೇಡ ಕಣೋ ಅಂತ. ಬಿಟ್ಟಿರಲಿಲ್ಲ. ಒಂದು ದಿನವೂ ಪೆಟ್ಟಿಗೆ ತೆಗೆಯದೆ ಮಲಗಿದವನಲ್ಲ ನಾನು.

ಗಣಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕಫ ಪರೀಕ್ಷೆ ಆಯಿತು. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಟಿ.ಬಿ. ಇದೆ. ಕಫ ಪಾಸಿಟಿವ್. ಮಿಲ್ಲಿನ ಧೂಳೂ ಲಂಗ್ಸಲ್ಲಿ ಕೂತಿದೆ. ಇವತ್ತೇ ಅಡ್ಮಿಟ್ ಆಗಿ."

ಬದುಕುತ್ತೀನಾ ಅಂತ ಕೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಊದಬೋದಾ ಸಾರ್?"

"ಏನನ್ನು?" ಅಂದರು. ಅವರಿಗೆ ಬಿಡಿಸಿ ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಡಾಕ್ಟರು ರತ್ನಳ ಕಡೆ ತಿರುಗಿದರು. "ನೋಡಮ್ಮಾ, ಇವರು ಬಾಯಿಗೆ ಇಟ್ಟಿದ್ದನ್ನೆಲ್ಲ ಬೇರೆ ಇಡು. ತಟ್ಟೆ, ಲೋಟ ಎಲ್ಲ ಕುದಿಯೋ ನೀರಿಗೆ ಹಾಕು. ಮಗುವನ್ನ ಸ್ವಲ್ಪ ದಿನ ದೂರ ಇಡು." ರತ್ನ ತಲೆಯಾಡಿಸಿದಳು. ಅವಳಿಗೆ ಒಂದು ಮಾತು ಹೇಳಿದರೆ ಅರ್ಧಕ್ಕೆ ನಿಲ್ಲಿಸುವವಳಲ್ಲ. ರಂಗೋಲಿ ಹಾಕು ಅಂದರೆ ಪಕ್ಕದ ಮನೆಯ ಬಾಗಿಲಿಗೂ ಹಾಕಿ ಬರುವವಳು. ಮಗಳು ಶಾಂತಿಯನ್ನು ಬೂದಿಕೋಟೆಯ ಬಸ್ಸು ಹತ್ತಿಸಿ ನಮ್ಮಮ್ಮನ ಹತ್ತಿರ ಬಿಟ್ಟು ಬಂದಳು. ಆಮೇಲೆ ಒಲೆ ಹೊತ್ತಿಸಿದಳು. ತಟ್ಟೆ, ಲೋಟ, ಚಮಚ, ನನ್ನ ಟವಲು, ದಿಂಬಿನ ಚೀಲ. ನನ್ನ ಬಾಚಣಿಗೆಯನ್ನೂ ಬಿಡಲಿಲ್ಲ. ಅದು ಕರಿದ ಹಪ್ಪಳದಂತೆ ಸೊಟ್ಟಗಾಗಿ ಆಸ್ಪತ್ರೆಗೆ ಬಂತು. ಆ ವಾರ್ಡಿನಲ್ಲಿ ನಾನು ಮೊದಲ ಸಲ ನಕ್ಕದ್ದು ಆ ಬಾಚಣಿಗೆಯನ್ನು ನೋಡಿ. ರತ್ನ ನಗಲಿಲ್ಲ.

ವಾರ್ಡಿನ ದಿನಗಳ ಬಗ್ಗೆ ಹೆಚ್ಚು ಹೇಳುವುದೇನಿದೆ. ದಿನವೂ ಇಂಜೆಕ್ಷನ್. ಕೂರಲು ಆಗದಷ್ಟು ಸೊಂಟ ನೋವು. ಒಂದು ಬೆಳಗ್ಗೆ ಉಚ್ಚೆ ಕೆಂಪಗೆ ಹೋಯಿತು, ಇನ್ನು ಮುಗಿಯಿತು ಅಂತ ಗೋಡೆ ಹಿಡಿದು ಕೂತುಬಿಟ್ಟೆ. ನರ್ಸಮ್ಮ ಬಂದು, "ಮಾತ್ರೆ ಬಣ್ಣ ಅದು, ಎದ್ದೇಳಿ" ಎಂದು ಗದರಿದರು. ಇನ್ನೊಂದು ದಿನ ಕಿವಿಯಲ್ಲಿ ಗುಯ್ ಅನ್ನುವ ಸದ್ದು ಶುರುವಾಯಿತು. ಉಸಿರು ಹೋದರೂ ಕಿವಿಯಾದರೂ ಇರಲಪ್ಪಾ ಎಂದು ನಮ್ಮ ಮುನೇಶ್ವರನಿಗೆ ಹರಕೆ ಹೊತ್ತೆ. ಇಂಜೆಕ್ಷನ್ನಿನಿಂದ ಹಾಗಾಗುವುದುಂಟು ಎಂದು ಡಾಕ್ಟರು ಅದನ್ನು ನಿಲ್ಲಿಸಿ ಬೇರೆ ಮಾತ್ರೆ ಬರೆದರು. ಸದ್ದು ನಿಧಾನಕ್ಕೆ ಇಳಿಯಿತು. ಮೈಯೆಲ್ಲ ಬೇಡ ಅನ್ನುವಾಗ ಕೈಬೆರಳು ಮಾತ್ರ ಸುಮ್ಮನಿರಲಿಲ್ಲ. ಮಂಚದ ಕಬ್ಬಿಣದ ಸರಳಿನ ಮೇಲೆ ತಮ್ಮ ಪಾಡಿಗೆ ತಾವು ನುಡಿಸುತ್ತಿದ್ದವು.

ಡಾಕ್ಟರು ಅದನ್ನು ನೋಡಿದರು. "ಏನ್ರೀ ಅದು ಬೆರಳಲ್ಲಿ?" ಹೇಳಿದೆ. ಆ ಮನುಷ್ಯ ಅವಸರದಲ್ಲಿ ಇದ್ದವರು, ಮಂಚದ ಅಂಚಿಗೆ ಕೂತರು.

"ಮೊದಲು ಕಫ ನೆಗೆಟಿವ್ ಆಗಲಿ. ಆಮೇಲೆ ನಾನೇ ಹೇಳ್ತೀನಿ, ಸ್ವಲ್ಪ ಸ್ವಲ್ಪ ಊದಿ. ಉಸಿರಿಗೆ ಒಳ್ಳೆಯದೇ."

ಆ ಮಾತನ್ನು ಹಿಡಿದುಕೊಂಡೇ ನಾನು ಬದುಕಿದೆ. ಮಧ್ಯಾಹ್ನ ರತ್ನ ಮುದ್ದೆ, ಸೊಪ್ಪಿನ ಸಾರು ತಂದಾಗ ಮೊದಲು ಅದನ್ನೇ ಹೇಳಿದೆ. ಇಷ್ಟು ಸಂತೋಷದ ಸುದ್ದಿಗೆ ಅವಳು ಕುಣಿಯಬೇಕಿತ್ತು. ಮುಖ ತಿರುಗಿಸಿ ಎದ್ದು ನಲ್ಲಿಯ ಹತ್ತಿರ ಹೋದಳು. ತೊಳೆದ ಲೋಟವನ್ನೇ ತೊಳೆಯುತ್ತಾ ನಿಂತಳು.

ಮನೆಗೆ ಬಂದ ದಿನ ಚಪ್ಪಲಿ ಬಿಡುವ ಮುಂಚೆ ಟ್ರಂಕಿನ ಕಡೆ ನೋಡಿದೆ. ಅದರ ಮೇಲೆ ಪೆಟ್ಟಿಗೆ ಇರುತ್ತಿತ್ತು. ಈಗ ಒಂದು ನೀರಿನ ಕೊಡ ಕೂತಿತ್ತು.

"ಕ್ಲಾರಿನೆಟ್ಟೆಲ್ಲಿ?"

"ಮಾರ್ಬಿಟ್ಟೆ."

ಕೊಡದ ಬಾಯಿಗೆ ಮುಚ್ಚಿದ್ದ ತಟ್ಟೆಯನ್ನು ಅವಳು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ಯಾರಿಗೆ?"

"ಬಂಗಾರಪೇಟೆ ಎಂಕಟಸ್ವಾಮಣ್ಣಂಗೆ. ನಾಳೆ ಮಗು ಮನೆಗೆ ಬರಲ್ವಾ? ಅದ್ಕೇ. ಈಗ ಉಣ್ಣಾಕ್ ಬರ್ರಿ, ಸಾರು ಆರೋಗ್ತೈತೆ."

ವೆಂಕಟಸ್ವಾಮಿ ನಮ್ಮ ಬ್ಯಾಂಡಿನವನೇ, ನನ್ನ ಪಕ್ಕದಲ್ಲಿ ನಿಂತು ಎರಡನೆಯ ಕ್ಲಾರಿನೆಟ್ ಊದುತ್ತಿದ್ದವನು. ಮಾರಿದ್ದಕ್ಕೆ ಬಂದ ಹಣ ಹಾಗೇ ಇತ್ತು, ಮುಟ್ಟಿರಲಿಲ್ಲ. ಅಂದರೆ ಹಣಕ್ಕಾಗಿ ಮಾರಿದ್ದಲ್ಲ. ಹಾಗಾದರೆ ಹೇಸಿಗೆಗೇ ಇರಬೇಕು ಅಂದುಕೊಂಡೆ. ಈ ಕಾಯಿಲೆ ಕಲಿಸುವ ಮೊದಲ ಪಾಠವೇ ಅದು. ಬೇರೆ ತಟ್ಟೆ, ಬೇರೆ ಚಾಪೆ, ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುವ ನೆಂಟರು. ಎಲ್ಲರೂ ಒಳ್ಳೆಯದಕ್ಕೇ ಮಾಡುತ್ತಾರೆ ಎಂದು ಬುದ್ಧಿಗೆ ಗೊತ್ತು, ಹೊಟ್ಟೆ ಮಾತ್ರ ಉರಿಯುತ್ತದೆ. ನನ್ನನ್ನು ಹೊರಗೆ ಹಾಕಲು ಆಗದೆ ನನ್ನ ಬಾಯಿ ತಾಗಿದ ವಾದ್ಯವನ್ನು ಹಾಕಿದಳು ಅಂತ ನನಗೆ ಖಾತ್ರಿಯಾಯಿತು. ಬಾಯಿಬಿಟ್ಟು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೂಂ, ಉಹೂಂ ಎರಡರಲ್ಲೇ ಸಂಸಾರ ನಡೆಸಿದೆ.

ಅವಳು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಬೆಳಗ್ಗೆ ಮೊಟ್ಟೆ, ರಾತ್ರಿ ಹಾಲು. ಮಾತ್ರೆ ನುಂಗಿದ ಮೇಲೆ ಬಾಯಿ ತೆಗೆಸಿ ನೋಡುತ್ತಿದ್ದಳು, ಶಾಂತಿಗೆ ಹರಳೆಣ್ಣೆ ಕುಡಿಸುವಾಗ ನೋಡುವ ಹಾಗೆ. ನಾನು ಕೆಮ್ಮಿದರೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತಿತ್ತು. ಕೆಮ್ಮು ನಿಂತ ಮೇಲೇ ಮತ್ತೆ ಶುರು. ಒಂದು ವಿಚಿತ್ರ ಗಮನಿಸಿದೆ. ನಮ್ಮ ಲೈನಿನಲ್ಲಿ ಯಾವುದಾದರೂ ಮದುವೆಯ ಬ್ಯಾಂಡು ಹಾದುಹೋದರೆ ಇವಳು ಎದ್ದು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ಹಾಗೆ. ನಾನು ಮಾತ್ರ, ಇಷ್ಟು ಅಸಹ್ಯವೇ ಆ ಸದ್ದು ಅಂತ ಇನ್ನಷ್ಟು ಮುನಿಸಿಕೊಂಡೆ.

ಕಫ ನೆಗೆಟಿವ್ ಬಂತು. ಮತ್ತೊಮ್ಮೆ ನೋಡಿದರು, ಮತ್ತೂ ನೆಗೆಟಿವ್. ಮಿಲ್ಲು ಬೇಡ ಎಂದು ಗಣಿಯವರು ಲ್ಯಾಂಪ್ ರೂಮಿಗೆ ಹಾಕಿದರು, ಗಣಿಗೆ ಇಳಿಯುವವರ ಟೋಪಿಯ ದೀಪಗಳನ್ನು ಚಾರ್ಜಿಗೆ ಹಾಕಿ ಕೊಡುವ ಕೆಲಸ. ಶಾಂತಿ ಮನೆಗೆ ಬಂದಳು. ಡಾಕ್ಟರು ಹೊಸ ಎಕ್ಸ್‌ರೇ ಕಿಟಕಿಗೆ ಹಿಡಿದು, "ಗಾಯದ ಗುರುತು ಇರುತ್ತೆ, ಅದು ಹೋಗಲ್ಲ. ಆದರೆ ಈಗ ಊದಿ ನೋಡಿ" ಅಂದರು. ನೆನಪಿಟ್ಟುಕೊಂಡಿದ್ದರು, ಪುಣ್ಯಾತ್ಮ.

ಭಾನುವಾರ ಬಂಗಾರಪೇಟೆಗೆ ಹೋಗಿ ನನ್ನದನ್ನು ವಾಪಸ್ ಕೇಳುತ್ತೇನೆ ಅಂದೆ. ಅದು ಆ ತಿಂಗಳಲ್ಲಿ ನಾನು ಅವಳಿಗೆ ಆಡಿದ ಅತಿ ಉದ್ದದ ಮಾತು.

"ನಾನೂ ಬತ್ತೀನಿ" ಅಂದಳು.

ರೈಲಿನಲ್ಲಿ ಅವಳು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಒಳಗೆ ಕೈ ಹಾಕುವುದು, ನನ್ನ ಮುಖ ನೋಡುವುದು, ಕೈ ತೆಗೆಯುವುದು. ಕಡಲೆಕಾಯಿ ತಂದಿದ್ದಾಳೇನೋ, ಕೊಡಲು ಹೆದರುತ್ತಿದ್ದಾಳೆ ಅಂದುಕೊಂಡೆ.

ವೆಂಕಟಸ್ವಾಮಿಯ ಮನೆ ರೈಲ್ವೆ ಗೇಟಿನ ಆಚೆ. ಬ್ಯಾಂಡಿನ ಕೆಂಪು ಕೋಟುಗಳನ್ನು ಹಗ್ಗಕ್ಕೆ ಒಣಹಾಕುತ್ತಿದ್ದ. "ಬಾಣ್ಣಾ ಬಾ! ಬದುಕಿ ಬಂದ್ಯಲ್ಲಾ, ಸಾಕು!" ಎಂದು ಕೈ ಹಿಡಿದುಕೊಂಡ. ಎಷ್ಟೋ ತಿಂಗಳ ಮೇಲೆ ಮನೆಯವರಲ್ಲದ ಒಬ್ಬರು ನನ್ನನ್ನು ಮುಟ್ಟಿದ್ದು. ಕಣ್ಣು ತುಂಬಿತು. ಕೇಳುವ ಮೊದಲೇ ಒಳಗೆ ಹೋಗಿ ಕ್ಲಾರಿನೆಟ್ ತಂದ. ಕೊನೆಯ ಅಗಲ ಬಾಯಿಯ ಅಂಚಿನಲ್ಲಿ ಅದೇ ಹಳೆಯ ಚಕ್ಕೆ ಎದ್ದ ಗುರುತು. ಬೆರಳೊತ್ತುವ ಬೆಳ್ಳಿ ಕೀಲಿಗಳನ್ನು ನನಗಿಂತ ಚೆನ್ನಾಗಿ ಉಜ್ಜಿ ಇಟ್ಟಿದ್ದ.

"ಎಂಕಟಸ್ವಾಮಿ, ಇದನ್ನ ವಾಪಸ್..."

ಅವನು ಕೈಯೆತ್ತಿ ತಡೆದ. "ಅಣ್ಣಾ, ನಂದು ಸೀಳೋಗಿ ಮದುವೆ ಸೀಜನ್ನಾಗೆ ಸುಮ್ಕೆ ಕುಂತಿದ್ದೆ. ಇದು ಬಂದ್ಮ್ಯಾಕೆ ಮನೇಲಿ ಒಲೆ ಉರೀತೈತೆ. ನೀನು ಕೇಳಿದ್ರೆ ಇಲ್ಲ ಅನ್ನಾಕ್ ಬಾಯಿ ಬರಲ್ಲ, ಕೊಟ್ಬಿಡ್ತೀನಿ. ಅದ್ಕೇ ಕೇಳ್ಬ್ಯಾಡ."

ಕೇಳಲಿಲ್ಲ. ಹೇಗೆ ಕೇಳಲಿ?

ಒಂದು ಸಲ ಊದಿ ಕೊಡುತ್ತೇನೆ ಅಂದೆ. ಅವನು ಬಾಯಿಗೆ ಇಡುವ ಗಟ್ಟಿ ರಬ್ಬರಿನ ಕರಿಯ ತುಂಡನ್ನು, ಮೌತ್‌ಪೀಸನ್ನು, ಬಿಚ್ಚಿ ಜೇಬಿಗೆ ಹಾಕಿಕೊಂಡು ಮಿಕ್ಕಿದ್ದನ್ನು ನನ್ನ ಕೈಗಿಟ್ಟ. ಅದು ನಮ್ಮವರ ಪದ್ಧತಿ. ವಾದ್ಯ ಯಾರಿಗಾದರೂ ಕೊಡಬಹುದು, ಮೌತ್‌ಪೀಸು ಅವರವರದೇ. ಆರೋಗ್ಯವಾಗಿದ್ದಾಗಲೂ ಹಾಗೇ ಮಾಡುತ್ತಿದ್ದೆವು. ಗೊತ್ತಿದ್ದರೂ ಅವತ್ತು ಚುರುಕ್ ಅಂದಿತು.

"ನಿನ್ನ ಮೌತ್‌ಪೀಸೆಲ್ಲಣ್ಣಾ? ಅಕ್ಕ ಕೊಟ್ಟಾಗ ಅದು ಇರ್ಲಿಲ್ಲ. ಬ್ಯಾಡ ಬಿಡಕ್ಕ, ನಂದೈತೆ ಅಂತ ಬಂದೆ."

ನಾನು ರತ್ನಳ ಕಡೆ ತಿರುಗಿದೆ. ಅವಳು ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಬಿಚ್ಚಿದಳು. ಒಳಗೆ ನನ್ನ ಮೌತ್‌ಪೀಸು. ಕಪ್ಪಗೆ ಮಿಂಚುತ್ತಿದ್ದದ್ದು ಹಣ್ಣೆಲೆಯ ಬಣ್ಣಕ್ಕೆ ತಿರುಗಿತ್ತು. ಒಂದು ಪಕ್ಕ ಸ್ವಲ್ಪ ಸೊಟ್ಟ. ಹತ್ತಿರ ತಂದರೆ ಪಟಾಕಿ ಮದ್ದಿನ ವಾಸನೆ.

"ಬಾಯಿಗಿಟ್ಟಿದ್ದೆಲ್ಲ ಕುದ್ಸು ಅಂದ್ರಲ್ಲ ಡಾಕ್ಟ್ರು," ಅಂದಳು, ನೆಲ ನೋಡುತ್ತಾ. "ಶಾಂತಿ ಕದ್ದು ಊದೋದ್ನ ಮುಂಚೆ ನಾನೇ ನೋಡಿದ್ದೆ. ಭಯ ಆಯ್ತು. ಕುದ್ಸಿದೆ. ಮನೆಯೆಲ್ಲ ನಾತ. ತೆಗ್ದು ನೋಡಿದ್ರೆ ಇಂಗಾಗೈತೆ. ರಾಗಿ ಡಬ್ಬದಾಗೆ ಬಚ್ಚಿಟ್ಟೆ. ನೀವು ಆಸ್ಪತ್ರೇಲಿ ಆ ಸ್ಥಿತೀಲಿ ಇದ್ರಿ. ಎಂಗೆ ಯೋಳಾದು? ಮಿಕ್ಕಿದ್ದು ಕಣ್ಮುಂದೆ ಇದ್ರೆ ಉಣ್ಣಾಕ್ ಆಗ್ತಿರ್ಲಿಲ್ಲ. ಈ ಅಣ್ಣ ಬಂದು ಕೇಳ್ತು, ಕೊಟ್ಬಿಟ್ಟೆ. ಮಾರ್ನೇ ದಿನವೇ ನೀವು, ಡಾಕ್ಟ್ರು ಊದು ಅಂದ್ರು ಅಂತ ನಕ್ಕೊಂಡು ಯೋಳಿದ್ರಿ. ಕೊಟ್ಟ ಕೈ ಕಡ್ಕೊಳಾನ ಅನ್ನಿಸ್ತು ನಂಗೆ."

ಬಾಚಣಿಗೆ ನೆನಪಾಯಿತು. ಅದನ್ನು ನೋಡಿ ನಾನು ನಕ್ಕಾಗ ಅವಳು ಯಾಕೆ ನಗಲಿಲ್ಲ ಎಂಬುದೂ ಹೊಳೆಯಿತು.

ಎಷ್ಟು ದಿನದ ಮುನಿಸು, ಎಷ್ಟು ಹೂಂ, ಉಹೂಂ! ಹೇಸಿಗೆ ಅಂದುಕೊಂಡದ್ದು ಹೇಸಿಗೆಯಲ್ಲ. ಆ ಹೆಂಗಸು ಇದೊಂದನ್ನು ಬಟ್ಟೆಯಲ್ಲಿ ಕಟ್ಟಿ, ರಾಗಿ ಡಬ್ಬದಲ್ಲಿ ಹೂತು, ದಿನವೂ ಅದೇ ಡಬ್ಬದಿಂದ ಹಿಟ್ಟು ತೆಗೆದು ನನಗೆ ಮುದ್ದೆ ಮಾಡಿ ಹಾಕಿದ್ದಳು. ಅವಳ ಮೇಲೆ ಅಷ್ಟು ಪ್ರೀತಿ ನನಗೆ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ. ನಗು ಬಂತು. ನಗು ಕೆಮ್ಮಾಯಿತು. ಅವಳು ಬೆನ್ನು ಸವರಿದಳು.

"ಅಯ್ಯೋ ರತ್ನಾ, ನನ್ನನ್ನೇ ಕುದಿಸದೆ ಬಿಟ್ಟೆಯಲ್ಲ" ಅಂದೆ.

"ಪಾತ್ರೆ ಸಾಲ್ದೆ ಓಯ್ತು" ಅಂದಳು ಅಳುತ್ತಲೇ.

ವೆಂಕಟಸ್ವಾಮಿ ಹೊಸ ರೀಡೊಂದನ್ನು ಕೊಟ್ಟ. ಸೊಟ್ಟ ಮೌತ್‌ಪೀಸನ್ನು ತಿರುಗಿಸಿ ಮುರುಗಿಸಿ ಕೂರಿಸಿದೆವು. ಊದಿದೆ. ಬರೀ ಗಾಳಿ. ಮತ್ತೆ ಊದಿದೆ, ಎಮ್ಮೆಕರು ಕೂಗಿದ ಹಾಗಾಯಿತು. ಮೂರನೆಯದಕ್ಕೆ ಒಂದು ಸ್ವರ ಸಿಕ್ಕಿತು, ಒರಟು, ಬಿರುಕು ಬಿಟ್ಟದ್ದು, ಆದರೆ ನನ್ನದು. ಹಿಡಿದುಕೊಂಡೆ. ಗೇಟಿನ ಹತ್ತಿರ ಯಾರೋ ಸೈಕಲ್ಲಿನವನು ಬೀದಿಗೆ ತಿರುಗುತ್ತಿದ್ದ. ಅವನು ತಿರುಗಿ ಮುಗಿಸುವಷ್ಟು ಹೊತ್ತು ನಿಂತಿತು, ಆಮೇಲೆ ಎದೆ ಸಾಕು ಅಂದಿತು. ನನಗೆ ನಾಚಿಕೆಯಾಯಿತು. ಹಿಂದೆ ಇದೇ ಉಸಿರು ಮದುಮಗನ ಕಾರನ್ನು ತಿರುಗಿಸಿ ಕಳಿಸುತ್ತಿತ್ತು.

"ಸೈಕಲ್ ತಿರುಗ್ತು" ಅಂದಳು ರತ್ನ ಕಣ್ಣೊರೆಸಿಕೊಂಡು. "ಇವತ್ತಿಗೆ ಅಷ್ಟು ಸಾಕು."

ಕ್ಲಾರಿನೆಟ್ ವೆಂಕಟಸ್ವಾಮಿಯ ಹತ್ತಿರವೇ ಇದೆ. ಅದು ಅಲ್ಲಿ ನಿದ್ದೆ ಮಾಡುವುದಿಲ್ಲ, ವಾದ್ಯಾರಿಗೆ ಕೊಟ್ಟ ಮಾತು ಹಾಗೆ ನಡೆಯುತ್ತಿದೆ. ಮದುವೆ ಇಲ್ಲದ ಭಾನುವಾರ ಬಂದು ಊದು ಎಂದು ಅವನೇ ಕರೆದಿದ್ದಾನೆ. ಮೆರವಣಿಗೆಯಲ್ಲಿ ನಡೆಯುವ ಶಕ್ತಿ ನನಗೆ ಬರುತ್ತದೋ ಇಲ್ಲವೋ, ಡಾಕ್ಟರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮಾರಬಾರದಿತ್ತು ಎಂದು ರತ್ನ ಈಗಲೂ ಒಮ್ಮೊಮ್ಮೆ ತಟ್ಟೆ ತೊಳೆಯುತ್ತಾ ತನ್ನಷ್ಟಕ್ಕೆ ಅನ್ನುತ್ತಾಳೆ. ಹೌದು, ಮಾರಬಾರದಿತ್ತು ಅಂತ ನಾನೂ ಅನ್ನುತ್ತೇನೆ. ಸುಳ್ಳು ಸಮಾಧಾನ ಹೇಳಿದರೆ ಅವಳಿಗೆ ಗೊತ್ತಾಗುತ್ತದೆ.

ಭಾನುವಾರ ಬೆಳಗ್ಗೆ ಅವಳೇ ಆ ಹಳದಿ ತುಂಡನ್ನು ತೊಳೆಯುತ್ತಾಳೆ, ತಣ್ಣೀರಿನಲ್ಲಿ. ಸೆರಗಿನಿಂದ ಒರೆಸಿ, ಗಂಟು ಕಟ್ಟಿ ಕೈಗೆ ಕೊಟ್ಟು, ತಾನೂ ಚಪ್ಪಲಿ ಮೆಟ್ಟುತ್ತಾಳೆ. ಶಾಂತಿಯೂ ಬರುತ್ತಾಳೆ. ನಾನು ವೆಂಕಟಸ್ವಾಮಿಯ ಜಗಲಿಯಲ್ಲಿ ಕೂತು ಊದಿದರೆ ಅವರಿಬ್ಬರ ಕಣ್ಣು ನನ್ನ ಮೇಲಿರುವುದಿಲ್ಲ, ಬೀದಿಯ ತಿರುವಿನ ಮೇಲೆ ಇರುತ್ತದೆ. ಹೋದ ವಾರ ಒಂದು ಎತ್ತಿನ ಗಾಡಿ ಬಂತು. ಎತ್ತು ಎರಡೂ ತಿರುಗಿದವು, ನೊಗ ತಿರುಗಿತು, ಅಷ್ಟರಲ್ಲಿ ನನ್ನ ಉಸಿರು ಮುಗಿಯಿತು.

"ಚಕ್ರ ಒಂದು ಬಾಕಿ ಐತೆ," ಅಂದಳು ರತ್ನ, "ಬರೋ ವಾರ ನೋಡಾನ."